ಸಸ್ಯ ಸಂವಾದ: ಬಾಲ್ಕನಿಯ ಉದ್ದೆಲೆಯ ಜರೀಗಿಡ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗಿಡವನ್ನು ಕುರಿತವಾಗಿದ್ದುದರಿಂದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಮುಂಬಯಿ ಮತ್ತು ಪುಣೆಯ ನರ್ಸರಿಗಳಲ್ಲಿ ಬೋಸ್ಟನ್ ಫರ್ನ್, ಸ್ವೋರ್ಡ್ ಫರ್ನ್ ಎಂಬ ಹೆಸರುಗಳಲ್ಲಿ ಮಾರುವ, ಉದ್ದನೆಯ ಕಿರಿದಾದ ಎಲೆಗಳು ಕುಂಡದ ಅಂಚಿನಿಂದ ಕೆಳಕ್ಕೆ ಬಾಗುವ ಜರೀಗಿಡವಿದು. ಸಸ್ಯಶಾಸ್ತ್ರದಲ್ಲಿ ಇದು ನೆಫ್ರೋಲೆಪಿಸ್ ಎಕ್ಸಾಲ್ಟಾಟಾ. ಅಮೆರಿಕ ಖಂಡದ ಉಷ್ಣವಲಯದ ತೇವಭರಿತ ಕಾಡುಗಳು ಇದರ ತವರು. ಇದಕ್ಕೆ ತೀರಾ ಹತ್ತಿರದ ನೆಫ್ರೋಲೆಪಿಸ್ ಕಾರ್ಡಿಫೋಲಿಯಾ ಎಂಬ ಪ್ರಭೇದ ಏಷ್ಯಾದ್ದು, ನಮ್ಮ ದೇಶದಲ್ಲಿಯೂ ಸಹಜವಾಗಿ ಬೆಳೆಯುವಂಥದ್ದು. ನರ್ಸರಿಯವರು ಎರಡನ್ನೂ ಒಂದೇ ಹೆಸರಿನಲ್ಲಿ ಕೊಡುವುದುಂಟು. ಪತ್ರಗಳನ್ನು ಓದುವಾಗ ನನ್ನ ಮನಸ್ಸಿಗೆ ನಾಟಿದ ಸಂಗತಿಯೆಂದರೆ, ಗಿಡದ ಸಹಜ ಸ್ವಭಾವವನ್ನೇ ರೋಗವೆಂದು ತಿಳಿದು ಮದ್ದು ಮಾಡಲು ಹೋಗಿ ಗಿಡವನ್ನು ಕಳೆದುಕೊಂಡವರು ಬಹಳ ಮಂದಿ ಇದ್ದಾರೆ.

ಪ್ರಶ್ನೆ: ಮಾನ್ಯರೇ, ನಮ್ಮ ಫರ್ನ್ ಗಿಡದ ಎಲೆಗಳ ಅಡಿಭಾಗದಲ್ಲಿ ಮಳೆಗಾಲದ ಕೊನೆಗೆ ಕಂದುಬಣ್ಣದ ಚುಕ್ಕೆಗಳು ಕಾಣಿಸಿಕೊಂಡಿವೆ. ಎರಡು ಬಗೆಯ ಔಷಧ ಸಿಂಪಡಿಸಿದರೂ ಹೋಗಲಿಲ್ಲ, ಬದಲಿಗೆ ಎಲೆಗಳೇ ಸುಟ್ಟಂತಾದವು. ಎಲ್ಲ ಎಲೆಗಳನ್ನೂ ಕತ್ತರಿಸಿಬಿಡಿ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಏನು ಮಾಡಲಿ?
— ಓದುಗಿ, ಡೊಂಬಿವಲಿ ಪೂರ್ವ

ಉತ್ತರ: ದಯವಿಟ್ಟು ಕತ್ತರಿಸಬೇಡಿ, ಔಷಧವನ್ನೂ ಇಂದೇ ನಿಲ್ಲಿಸಿ. ಒಂದು ಎಲೆಯನ್ನು ಮೆಲ್ಲಗೆ ಮಗುಚಿ ಬೆಳಕಿಗೆ ಹಿಡಿದು ನೋಡಿ. ಉದ್ದನೆಯ ನಡುದಂಟಿನ ಎರಡೂ ಬದಿಗೆ ಕಿರುಎಲೆಗಳು ಸಾಲಾಗಿ ಇರುತ್ತವೆ. ಪ್ರತಿಯೊಂದು ಕಿರುಎಲೆಯ ಅಡಿಯಲ್ಲಿ, ಅದರ ನಡುನರದ ಆಚೆಗೊಂದು ಈಚೆಗೊಂದು ಸಾಲಿನಂತೆ, ಒಂದೇ ಅಂತರದಲ್ಲಿ, ಒಂದೇ ಗಾತ್ರದಲ್ಲಿ ಚುಕ್ಕೆಗಳು ಜೋಡಣೆಗೊಂಡಿದ್ದರೆ ಅವು ಗಿಡದ ಸಂತಾನದ ಅಂಗಗಳೇ ಹೊರತು ರೋಗವಲ್ಲ. ಮನೆಯಲ್ಲಿ ಭೂತಗನ್ನಡಿ ಇದ್ದರೆ ಇನ್ನೂ ಚೆನ್ನಾಗಿ ಕಾಣುತ್ತದೆ: ಪ್ರತಿ ಚುಕ್ಕೆಯ ಮೇಲೂ ಗೋಡಂಬಿಯಂತೆ ಬಾಗಿದ ತೆಳುವಾದ ಒಂದು ಪೊರೆ ಇರುತ್ತದೆ. ಎಳೆಯದಾಗಿದ್ದಾಗ ಚುಕ್ಕೆ ತಿಳಿಹಸಿರಾಗಿದ್ದು ಬಲಿತಂತೆ ಕಂದುಬಣ್ಣಕ್ಕೆ ತಿರುಗುತ್ತದೆ. ಪೊರೆಯ ಅಂಚಿನಿಂದ ಸಾಸಿವೆಗಿಂತಲೂ ಎಷ್ಟೋ ಸಣ್ಣದಾದ ಹೊಳಪಿನ ಚೀಲಗಳು ಇಣುಕುತ್ತಿರುತ್ತವೆ. ಆ ಚೀಲಗಳೊಳಗೆ ಬೀಜಾಣುಗಳಿವೆ.

ಜರೀಗಿಡಗಳಲ್ಲಿ ಹೂವೂ ಇಲ್ಲ, ಕಾಯಿಯೂ ಇಲ್ಲ, ಬೀಜವೂ ಇಲ್ಲ. ಈ ಬೀಜಾಣುಗಳಿಂದಲೇ ಅವುಗಳ ವಂಶ ಮುಂದುವರಿಯಬೇಕು, ಮತ್ತು ಅದಕ್ಕಾಗಿ ಗಿಡ ಮಾಡಿಕೊಂಡಿರುವ ವ್ಯವಸ್ಥೆ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಪ್ರತಿ ಚೀಲದ ಬೆನ್ನಿಗೆ ದಪ್ಪ ಗೋಡೆಯ ಕೋಶಗಳ ಒಂದು ಪಟ್ಟಿ ಇದೆ. ಮಳೆ ನಿಂತು ಗಾಳಿ ಒಣಗತೊಡಗಿದಾಗ ಆ ಕೋಶಗಳಲ್ಲಿನ ನೀರು ಸ್ವಲ್ಪ ಸ್ವಲ್ಪವೇ ಆವಿಯಾಗಿ, ಪಟ್ಟಿಯು ಹಿಂದಕ್ಕೆ ಸೆಟೆದುಕೊಳ್ಳುತ್ತದೆ, ಚೀಲ ಬಾಯ್ದೆರೆಯುತ್ತದೆ. ಸೆಳೆತ ತಾಳಲಾರದಷ್ಟು ಹೆಚ್ಚಿದಾಗ ಕೋಶದೊಳಗಿನ ನೀರಿನಲ್ಲಿ ಗುಳ್ಳೆ ಮೂಡಿ, ಪಟ್ಟಿ ತಟ್ಟನೆ ಮೊದಲಿನ ಸ್ಥಿತಿಗೆ ಮರಳುತ್ತದೆ, ಆ ರಭಸಕ್ಕೆ ಬೀಜಾಣುಗಳು ಗಾಳಿಗೆ ಚಿಮ್ಮುತ್ತವೆ. ನೀವು ಮಳೆಗಾಲದ ಕೊನೆಯಲ್ಲಿ ಕಂದು ಚುಕ್ಕೆಗಳನ್ನೂ, ಕಿಟಕಿಯ ಕಟ್ಟೆಯ ಮೇಲೆ ಸಣ್ಣ ಕಂದು ಪುಡಿಯನ್ನೂ ಕಂಡಿದ್ದರೆ ಅದು ಇದೇ.

ಚಿಮ್ಮಿದ ಬೀಜಾಣುವಿನಿಂದ ನೇರವಾಗಿ ಫರ್ನ್ ಹುಟ್ಟುವುದಿಲ್ಲ. ತೇವದ ಜಾಗದಲ್ಲಿ ಬಿದ್ದರೆ ಅದು ಮೊದಲು ಕೆಲವೇ ಮಿಲಿಮೀಟರ್ ಅಗಲದ, ಹೃದಯದ ಆಕಾರದ, ನೆಲಕ್ಕೆ ಅಂಟಿದ ಹಸಿರು ಹಾಳೆಯಾಗಿ ಬೆಳೆಯುತ್ತದೆ. ಲಿಂಗಾಣು ಸಸ್ಯವೆಂದು ಕರೆಯುವ ಈ ಹಾಳೆಯ ಅಡಿಯಲ್ಲಿ ಗಂಡು ಮತ್ತು ಹೆಣ್ಣು ಕಣಗಳು ಹುಟ್ಟುತ್ತವೆ. ಗಂಡುಕಣ ನೀರಿನ ತೆಳುಪದರದಲ್ಲಿ ಈಜಿಕೊಂಡೇ ಹೆಣ್ಣುಕಣವನ್ನು ಸೇರಬೇಕು. ಆ ಮಿಲನದಿಂದ ಹುಟ್ಟುವುದು ನಮಗೆ ಪರಿಚಿತವಾದ ಉದ್ದೆಲೆಯ ಗಿಡ. ಬಿಡುವ ಕಾಲಕ್ಕೆ ಒಣಗಾಳಿ, ಬೆಳೆಯುವ ಕಾಲಕ್ಕೆ ನೀರು, ಎರಡೂ ಬೇಕು. ಬಾಲ್ಕನಿಯ ಮೂಲೆಯಲ್ಲಿ, ಪೈಪು ಸದಾ ಒಸರುವ ಗೋಡೆಯಲ್ಲಿ, ಯಾರೂ ನೆಡದ ಫರ್ನ್ ತಾನಾಗಿ ತಲೆಯೆತ್ತುವುದರ ಹಿಂದೆ ಇಷ್ಟು ಕಥೆಯಿದೆ.

ಚುಕ್ಕೆಗಳಂತೆಯೇ ತೋರುವ ನಿಜವಾದ ಉಪದ್ರವವೊಂದು ಇದೆ, ಅದನ್ನೂ ಗುರುತಿಸಲು ಬರಬೇಕು. ಸ್ಕೇಲ್ ಎಂದು ಕರೆಯುವ ಚಿಪ್ಪಿನಂಥ ಕೀಟಗಳು ಸಾಲು ಹಿಡಿದು ಕೂರುವುದಿಲ್ಲ. ನಡುದಂಟಿನ ಮೇಲೆ ಎರಡು, ಎಲೆಯ ಬೆನ್ನಿನಲ್ಲಿ ಮೂರು, ಮತ್ತೊಂದೆಡೆ ಗುಂಪಾಗಿ, ಹೀಗೆ ಎಲ್ಲೆಂದರಲ್ಲಿ ಅಂಟಿಕೊಂಡಿರುತ್ತವೆ. ಉಗುರಿನಿಂದ ಒತ್ತಿದರೆ ಇಡಿಯಾಗಿ ಕಳಚಿಬರುತ್ತವೆ. ಅವು ಸ್ರವಿಸುವ ಸಿಹಿದ್ರವದಿಂದ ಎಲೆ ಅಂಟಂಟಾಗಿರುತ್ತದೆ, ಇರುವೆ ಓಡಾಡುತ್ತದೆ. ಅಂಥವು ಕಂಡರೆ ಒದ್ದೆ ಹತ್ತಿಯಿಂದ ಒಂದೊಂದನ್ನೇ ಒರೆಸಿ ತೆಗೆಯಿರಿ; ತೀರಾ ಹೆಚ್ಚಾಗಿದ್ದರೆ ಆ ಎಲೆಯನ್ನು ಮಾತ್ರ ಬುಡದಿಂದ ಕತ್ತರಿಸಿ. ಜರೀಗಿಡದ ಎಲೆ ಬಲು ಕೋಮಲವಾದುದರಿಂದ ಎಣ್ಣೆಯಂಶವಿರುವ ಔಷಧಗಳನ್ನು, ಬೇವಿನೆಣ್ಣೆಯನ್ನು ಕೂಡ, ಇಡೀ ಗಿಡಕ್ಕೆ ಸಿಂಪಡಿಸುವುದು ಕ್ಷೇಮವಲ್ಲ. ನಿಮ್ಮ ಗಿಡದ ಎಲೆ ಸುಟ್ಟದ್ದು ಔಷಧದಿಂದಲೇ ಇರಬೇಕು. ಬುಡ ಹಸಿರಾಗಿದ್ದರೆ ಹೊಸ ಚಿಗುರು ಬಂದೇ ಬರುತ್ತದೆ, ಧೈರ್ಯವಾಗಿರಿ.

ಪ್ರಶ್ನೆ: ಸರ್, ಜುಲೈಯಲ್ಲಿ ತಂದಾಗ ಹಚ್ಚಹಸಿರಾಗಿದ್ದ ಗಿಡ ಫೆಬ್ರವರಿಯಿಂದ ಈಚೆಗೆ ತುದಿ ಒಣಗುತ್ತ ಬಂದಿದೆ. ಕಿರುಎಲೆಗಳು ದಿನವೂ ಉದುರಿ ಹಾಲ್‌ನ ನೆಲದ ತುಂಬ ಹರಡುತ್ತವೆ. ತಪ್ಪದೆ ನೀರು ಹಾಕುತ್ತೇನೆ. ನಮ್ಮ ಸೊಸೈಟಿಗೆ ಬೇಸಿಗೆಯಲ್ಲಿ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರೇ ಗತಿ.
— ನಿವೃತ್ತ ಬ್ಯಾಂಕ್ ಉದ್ಯೋಗಿ, ಕೋಥರೂಡ್, ಪುಣೆ

ಉತ್ತರ: ಕಾರಣದ ಅರ್ಧ ನಿಮ್ಮ ಪತ್ರದ ಕೊನೆಯ ವಾಕ್ಯದಲ್ಲಿದೆ, ಇನ್ನರ್ಧ ಪುಣೆಯ ಗಾಳಿಯಲ್ಲಿದೆ. ಮಾರ್ಚ್, ಏಪ್ರಿಲ್ ತಿಂಗಳ ಮಧ್ಯಾಹ್ನಗಳಲ್ಲಿ ಅಲ್ಲಿ ಗಾಳಿಯ ತೇವಾಂಶ ಶೇಕಡಾ 30ಕ್ಕಿಂತ ಕೆಳಗಿಳಿಯುವುದು ಸಾಮಾನ್ಯ. ಈ ಗಿಡಕ್ಕೆ ಶೇಕಡಾ 50ಕ್ಕೆ ಮೇಲಿದ್ದರೆ ಮಾತ್ರ ಹಿತ. ಸಮುದ್ರದಂಚಿನ ಮುಂಬಯಿಯಲ್ಲಿ ಆರೈಕೆಯಿಲ್ಲದೆಯೂ ನಳನಳಿಸುವ ಗಿಡ ಘಟ್ಟದ ಮೇಲಿನ ಪುಣೆಯಲ್ಲಿ ಸೊರಗುವುದಕ್ಕೆ ಇದೇ ಮುಖ್ಯ ಕಾರಣ. ಇದರಲ್ಲಿ ನಿಮ್ಮ ಆರೈಕೆಯ ದೋಷವಿಲ್ಲ.

ಕಿರುಎಲೆಗಳು ಉದುರುವ ಬಗೆಯನ್ನು ಸ್ವಲ್ಪ ವಿವರಿಸುತ್ತೇನೆ. ಬಹಳಷ್ಟು ಜರೀಗಿಡಗಳಲ್ಲಿ ಎಲೆ ಒಣಗಿದರೂ ದಂಟಿಗೆ ಅಂಟಿಕೊಂಡೇ ಇರುತ್ತದೆ. ನೆಫ್ರೋಲೆಪಿಸ್‌ನಲ್ಲಿ ಹಾಗಲ್ಲ, ಪ್ರತಿ ಕಿರುಎಲೆಯೂ ನಡುದಂಟಿಗೆ ಸೇರುವಲ್ಲಿ ಒಂದು ಸಂದು ಇದೆ. ನೀರಿನ ಕೊರತೆಯಾದಾಗ, ಅಥವಾ ಎಲೆಗೆ ವಯಸ್ಸಾದಾಗ, ಆ ಸಂದಿನಲ್ಲಿ ಕಳಚಿಕೊಂಡು ಕಿರುಎಲೆ ಬೀಳುತ್ತದೆ. ಹೀಗೆ ಬೋಳಾದ ದಂಟಿನಲ್ಲಿ ಮತ್ತೆ ಕಿರುಎಲೆ ಮೂಡುವುದಿಲ್ಲವಾದ್ದರಿಂದ ಅದನ್ನು ಉಳಿಸಿಕೊಂಡು ಕಾಯುವುದರಲ್ಲಿ ಫಲವಿಲ್ಲ, ಬುಡದಲ್ಲಿ ಕತ್ತರಿಸಿ ತೆಗೆಯಿರಿ. ತುದಿ ಮಾತ್ರ ಒಣಗಿದ ಎಲೆಯನ್ನು ಹಾಗೇ ಬಿಡಿ. ಈ ಗಿಡದ ಎಲೆ ತುದಿಯಲ್ಲಿ ಬಹುಕಾಲ ಬೆಳೆಯುತ್ತಲೇ ಇರುತ್ತದೆ. ಒಂದು ಮೀಟರ್ ಉದ್ದವಾದ ಹಳೆಯ ಎಲೆಯ ಕೊನೆಯಲ್ಲೂ ಬಿಚ್ಚಿಕೊಳ್ಳದ ಪುಟ್ಟ ಸುರುಳಿ ಉಳಿದಿರುವುದನ್ನು ನೀವೇ ನೋಡಬಹುದು. ಚಂದಕ್ಕಾಗಿ ತುದಿಗಳನ್ನೆಲ್ಲ ಸಮನಾಗಿ ಕತ್ತರಿಸಿದರೆ ಆ ಬೆಳವಣಿಗೆ ಅಲ್ಲಿಗೇ ನಿಂತುಹೋಗುತ್ತದೆ.

ಇನ್ನು ನೀರಿನ ವಿಷಯ. ಬೋರ್‌ವೆಲ್ ನೀರಿನಲ್ಲಿ ಕರಗಿರುವ ಲವಣಗಳನ್ನು ಗಿಡ ಪೂರ್ತಿಯಾಗಿ ಬಳಸಿಕೊಳ್ಳಲಾರದು. ಪ್ರತಿದಿನ ಸ್ವಲ್ಪ ಸ್ವಲ್ಪ ನೀರು ಹಾಕಿದಾಗ ನೀರು ಆವಿಯಾಗಿ ಲವಣ ಮಣ್ಣಿನಲ್ಲೇ ಉಳಿಯುತ್ತದೆ. ಮಣ್ಣಿನ ಕುಂಡದ ಹೊರಮೈಯಲ್ಲಿ ಕಾಣುವ ಬಿಳಿ ಪದರ ಅದರದೇ ಗುರುತು. ಅದರ ಮೊದಲ ಪೆಟ್ಟು ಬೀಳುವುದು ಎಲೆಯ ತುದಿ ಮತ್ತು ಅಂಚುಗಳ ಮೇಲೆ. ಹದಿನೈದು ದಿನಕ್ಕೊಮ್ಮೆಯಾದರೂ ಕುಂಡವನ್ನು ಬಚ್ಚಲಿಗೆ ಒಯ್ದು, ತಳದ ತೂತುಗಳಿಂದ ಧಾರಾಳವಾಗಿ ನೀರು ಹರಿದುಹೋಗುವಷ್ಟು ಸುರಿಯಿರಿ. ಕುಡಿಯಲು ಬರುವ ಕಾರ್ಪೊರೇಷನ್ ನೀರಿನಲ್ಲಿ ಒಂದು ಬಕೆಟ್ ಇದಕ್ಕೆ ಮೀಸಲಿಡಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದಿಲ್ಲ. ರಾಸಾಯನಿಕ ಗೊಬ್ಬರವನ್ನು ಬೇಸಿಗೆಯಲ್ಲಿ ಹಾಕಲೇಬೇಡಿ, ಅದೂ ಲವಣವೇ. ಮಳೆಗಾಲದಲ್ಲಿ ಹೊಸ ಚಿಗುರು ಬರುವಾಗ ಪೊಟ್ಟಣದ ಮೇಲೆ ಬರೆದ ಪ್ರಮಾಣದ ಅರ್ಧಕ್ಕಿಂತ ಕಡಿಮೆ ಕೊಟ್ಟರೆ ಸಾಕು.

ಎಲೆಗಳ ಮೇಲೆ ನೀರು ಚಿಮುಕಿಸುವುದರಿಂದ ಸಿಗುವ ತೇವ ಸ್ವಲ್ಪ ಹೊತ್ತಿನಲ್ಲೇ ಆರಿಹೋಗುತ್ತದೆ. ಅದರ ಬದಲು ನಾಲ್ಕಾರು ಕುಂಡಗಳನ್ನು ಒತ್ತೊತ್ತಾಗಿ ಇಡಿ, ಫ್ಯಾನಿನ ಮತ್ತು ಎಸಿಯ ಗಾಳಿ ನೇರವಾಗಿ ಬೀಳದಂತೆ ನೋಡಿಕೊಳ್ಳಿ, ಪಶ್ಚಿಮದ ಬಿಸಿಲಿಗೆ ಮರೆ ಮಾಡಿ. ಬೆರಳನ್ನು ಮಣ್ಣಿನೊಳಗೆ ಇಳಿಸಿದಾಗ ಸದಾ ತಂಪು ತಾಗಬೇಕು, ಆದರೆ ತಟ್ಟೆಯಲ್ಲಿ ನೀರು ನಿಲ್ಲಬಾರದು. ಒಮ್ಮೆ ಮಣ್ಣು ಪೂರ್ತಿ ಒಣಗಿ ಕುಂಡದ ಗೋಡೆಯಿಂದ ಬಿಟ್ಟುಕೊಂಡರೆ, ಆಮೇಲೆ ಹಾಕಿದ ನೀರು ಆ ಸಂದಿನಲ್ಲಿ ಕೆಳಗಿಳಿದು ಹೋಗುತ್ತದೆಯೇ ಹೊರತು ಬೇರಿಗೆ ತಲುಪುವುದಿಲ್ಲ. ದಿನವೂ ನೀರು ಹಾಕಿದರೂ ಗಿಡ ಒಣಗಿತು ಎನ್ನುವವರ ಮನೆಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ಇದನ್ನೇ. ಹಾಗಾಗಿದ್ದಲ್ಲಿ ಕುಂಡವನ್ನು ಅರ್ಧ ಗಂಟೆ ನೀರಿನ ಬಕೆಟ್‌ನಲ್ಲಿ ಮುಳುಗಿಸಿಟ್ಟು ತೆಗೆಯಿರಿ.

ಪ್ರಶ್ನೆ: ಈ ಗಿಡ ಮನೆಯ ಗಾಳಿಯನ್ನು ಶುದ್ಧಗೊಳಿಸುತ್ತದೆ, ನಾಸಾ ಸಂಸ್ಥೆಯೇ ಹಾಗೆ ಹೇಳಿದೆ ಎಂದು ವಾಟ್ಸ್ಆ್ಯಪ್‌ನಲ್ಲಿ ಓದಿದೆ. ಮಗನಿಗೆ ಉಬ್ಬಸವಿದೆ. ಮಲಗುವ ಕೋಣೆಯಲ್ಲಿ ಎಷ್ಟು ಕುಂಡ ಇಡಬೇಕು?
— ತಾಯಿ, ವಾಶಿ

ಉತ್ತರ: ಉಬ್ಬಸಕ್ಕೆ ಈ ಗಿಡವನ್ನು ನೆಚ್ಚಬೇಡಿ, ವೈದ್ಯರು ಕೊಟ್ಟ ಔಷಧವನ್ನು ತಪ್ಪಿಸಬೇಡಿ. ನಾಸಾದ ಪರವಾಗಿ ಕೆಲವು ಮನೆಗಿಡಗಳ ಮೇಲೆ ಪ್ರಯೋಗ ನಡೆದು 1989ರಲ್ಲಿ ವರದಿ ಬಂದದ್ದು ನಿಜ. ಆದರೆ ಆ ಪ್ರಯೋಗಗಳು ಗಾಳಿ ಆಡದ, ಬಿಗಿಯಾಗಿ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ ನಡೆದವು. ನಮ್ಮ ಮನೆಗಳಲ್ಲಿ ಕಿಟಕಿ ಬಾಗಿಲುಗಳ ಮೂಲಕ ಗಾಳಿ ಬದಲಾಗುತ್ತಲೇ ಇರುತ್ತದೆ. ಅಂಥ ಹಲವು ಪ್ರಯೋಗಗಳ ಅಂಕಿಗಳನ್ನು ಒಟ್ಟುಗೂಡಿಸಿ 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿದಾಗ, ಕಟ್ಟಡದಲ್ಲಿ ಸಹಜವಾಗಿ ಗಾಳಿ ಬದಲಾಗುವುದರಿಂದ ಆಗುವಷ್ಟೇ ಕೆಲಸ ಗಿಡಗಳಿಂದ ಆಗಬೇಕಾದರೆ ಪ್ರತಿ ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡಗಳು ಬೇಕಾಗುತ್ತವೆ ಎಂದು ಕಂಡುಬಂತು. ಕಿಟಕಿಯನ್ನು ತೆರೆದಿಡುವುದರಿಂದ ಆಗುವ ಪ್ರಯೋಜನವನ್ನು ಕುಂಡಗಳು ಕೊಡಲಾರವು. ಉಬ್ಬಸವಿರುವ ಮಗುವಿನ ಕೋಣೆಯಲ್ಲಿ ಸದಾ ಒದ್ದೆಯಾಗಿರುವ ಮಣ್ಣಿನ ಕುಂಡಗಳನ್ನು ಗುಂಪಾಗಿಟ್ಟರೆ ಬೂಷ್ಟು ಬೆಳೆದು ತೊಂದರೆಯೇ ಆಗಬಹುದು. ಗಿಡವನ್ನು ಬಾಲ್ಕನಿಯಲ್ಲಿ ಇಟ್ಟು, ಅದರ ಹಸಿರನ್ನು ನೋಡಿ ಸಂತೋಷಪಡಿ.

ಪ್ರಶ್ನೆ: ನಮ್ಮ ಬೆಕ್ಕು ಫರ್ನ್ ಎಲೆಗಳನ್ನು ಕಚ್ಚುತ್ತದೆ. ವಿಷವೇ?
— ವಿದ್ಯಾರ್ಥಿನಿ, ಮಾಟುಂಗಾ

ಉತ್ತರ: ಬೋಸ್ಟನ್ ಫರ್ನ್ ಬೆಕ್ಕಿಗಾಗಲಿ ನಾಯಿಗಾಗಲಿ ವಿಷವಲ್ಲ. ಆದರೆ ಆಸ್ಪರಾಗಸ್ ಫರ್ನ್ ಎಂದು ಮಾರುವ, ಸೂಜಿಯಂಥ ಎಳೆಗಳಿರುವ ಗಿಡ ಬೇರೆ. ಅದು ಜರೀಗಿಡವೇ ಅಲ್ಲ, ಹೂಬಿಟ್ಟು ಕೆಂಪು ಹಣ್ಣು ಕೊಡುವ ಶತಾವರಿಯ ಜಾತಿಯದು. ಅದರ ಹಣ್ಣು ಸಾಕುಪ್ರಾಣಿಗಳಿಗೆ ಕೆಡುಕು. ನಿಮ್ಮಲ್ಲಿರುವುದು ಯಾವುದೆಂದು ಮೊದಲು ನೋಡಿಕೊಳ್ಳಿ.

ಪ್ರಶ್ನೆ: ಕುಂಡ ಬದಲಿಸಲೆಂದು ಗಿಡವನ್ನು ಕಿತ್ತಾಗ ಬೇರಿನ ತುಂಬ ಗೋಲಿಯಾಕಾರದ ಗಂಟುಗಳಿದ್ದವು. ಬೇರುಗಂಟು ರೋಗವೆಂದು ಹೆದರಿ ಎಲ್ಲವನ್ನೂ ಚಿವುಟಿ ಎಸೆದೆ. ಸರಿಯೇ? ಜತೆಗೆ, ಆನ್‌ಲೈನ್‌ನಲ್ಲಿ ಬೋಸ್ಟನ್ ಫರ್ನ್ ಬೀಜಗಳು ಸಿಗುತ್ತವೆ, ತರಿಸಿಕೊಳ್ಳಬಹುದೇ?
— ಓದುಗರು, ಮುಲುಂಡ್

ಉತ್ತರ: ನೀವು ಎಸೆದದ್ದು ಗಿಡದ ನೀರಿನ ಸಂಗ್ರಹ. ನಿಮ್ಮಲ್ಲಿರುವುದು ನಾನು ಆರಂಭದಲ್ಲಿ ಹೇಳಿದ ನೆಫ್ರೋಲೆಪಿಸ್ ಕಾರ್ಡಿಫೋಲಿಯಾ. ಅದರ ಹಂಬುಗಳಲ್ಲಿ ಒಂದು ಸೆಂಟಿಮೀಟರ್‌ನ ಆಸುಪಾಸಿನ ಗುಂಡನೆಯ ಗಡ್ಡೆಗಳಾಗುತ್ತವೆ. ಮೇಲ್ಮೈಯಲ್ಲಿ ಹೊಂಗಂದು ಬಣ್ಣದ ನವಿರಾದ ಹೊಟ್ಟು, ಕತ್ತರಿಸಿದರೆ ಒಳಗೆ ನೀರು ತುಂಬಿದ ತಿರುಳು. ನೇಪಾಳದ ಬೆಟ್ಟಗಾಡಿನ ಜನ ಇದನ್ನು ಪಾನಿ ಅಮಲಾ ಎಂದು ಕರೆದು ಬಾಯಾರಿಕೆಗೆ ಹಸಿಯಾಗಿಯೇ ತಿನ್ನುತ್ತಾರೆ. ನರ್ಸರಿಯ ಗಿಡಕ್ಕೆ ಯಾವ ಔಷಧ ಬಿದ್ದಿದೆಯೋ ತಿಳಿಯದ್ದರಿಂದ ನೀವು ತಿನ್ನಲು ಹೋಗಬೇಡಿ. ಬೇರುಗಂಟು ರೋಗದಲ್ಲಿ ಬೇರೇ ಅಲ್ಲಲ್ಲಿ ಊದಿಕೊಂಡು ವಕ್ರವಾಗಿರುತ್ತದೆ. ಈ ಗಡ್ಡೆಗಳಾದರೋ ಹಂಬಿನ ಪಕ್ಕದಲ್ಲಿ ಬಿಡಿಬಿಡಿಯಾಗಿ ಜೋತಿದ್ದು, ಹಿಡಿದೆಳೆದರೆ ಇಡಿಯಾಗಿ ಬರುತ್ತವೆ. ಗಡ್ಡೆಗಳು ಹೋದರೂ ಗಿಡ ಸಾಯುವುದಿಲ್ಲ, ಬೇಸಿಗೆಯಲ್ಲಿ ಮಾತ್ರ ನೀರಿನ ಕಡೆ ಹೆಚ್ಚು ಗಮನವಿರಲಿ. ಎಕ್ಸಾಲ್ಟಾಟಾದಲ್ಲಿ ಈ ಗಡ್ಡೆಗಳು ಇರುವುದಿಲ್ಲ, ಎರಡನ್ನೂ ಬೇರ್ಪಡಿಸಿ ಗುರುತಿಸಲು ಇದೊಂದು ಸುಲಭದ ದಾರಿ.

ಆನ್‌ಲೈನ್ ಬೀಜಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ. ಜರೀಗಿಡಕ್ಕೆ ಬೀಜವೇ ಇಲ್ಲವೆಂದು ಮೇಲೆ ಹೇಳಿದ್ದೇನೆ. ಬೋಸ್ಟನ್ ಫರ್ನ್‌ನ ವಿಷಯದಲ್ಲಂತೂ ಬೀಜಾಣುವೂ ಕೆಲಸಕ್ಕೆ ಬಾರದು. 1894ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಿಂದ ಬೋಸ್ಟನ್‌ಗೆ ಕಳುಹಿಸಿದ ಎಕ್ಸಾಲ್ಟಾಟಾ ಗಿಡಗಳ ರಾಶಿಯಲ್ಲಿ, ಮಿಕ್ಕವುಗಳಂತೆ ನೆಟ್ಟಗೆ ನಿಲ್ಲದೆ ಎಲೆಗಳನ್ನು ಕೆಳಕ್ಕೆ ಬಾಗಿಸಿದ ಗಿಡ ಕಂಡುಬಂತು. ಅದನ್ನು ಬೇರ್ಪಡಿಸಿ ಬೆಳೆಸಿದ್ದೇ ಬೋಸ್ಟನ್ ಫರ್ನ್. ಅದರಲ್ಲಿ ಫಲಿಸುವ ಬೀಜಾಣುಗಳು ಸಾಮಾನ್ಯವಾಗಿ ಆಗುವುದಿಲ್ಲವಾದ್ದರಿಂದ ಇಂದಿನವರೆಗೂ ಅದರ ವಂಶ ಹಂಬುಗಳಿಂದಲೇ ಬಂದಿದೆ. ದೊಡ್ಡ ನರ್ಸರಿಗಳು ಆ ಹಂಬಿನ ತುದಿಯಿಂದಲೇ ಅಂಗಾಂಶ ಕೃಷಿಯಲ್ಲಿ ಸಾವಿರಾರು ಸಸಿಗಳನ್ನು ಮಾಡುತ್ತವೆ.

ನೀವೂ ಅದನ್ನೇ ಮಾಡಬಹುದು. ಗಿಡದ ಬುಡದಿಂದ ಕಂದುಬಣ್ಣದ, ತಂತಿಯಷ್ಟು ಸಪೂರವಾದ, ಎಲೆಯಿಲ್ಲದ ಹಂಬುಗಳು ಕುಂಡದಾಚೆಗೆ ಚಾಚುತ್ತವೆ. ಬಹಳ ಮಂದಿ ಅವು ಒಣಗಿದ ಬೇರುಗಳೆಂದು ಕತ್ತರಿಸಿಬಿಡುತ್ತಾರೆ. ಕತ್ತರಿಸದೆ, ಪಕ್ಕದಲ್ಲಿ ಮತ್ತೊಂದು ಚಿಕ್ಕ ಕುಂಡವಿಟ್ಟು ಹಂಬನ್ನು ಅದರ ಮಣ್ಣಿನ ಮೇಲೆ ಒತ್ತಿ, ಬಗ್ಗಿಸಿದ ತಂತಿಯ ತುಂಡಿನಿಂದ ಹಿಡಿದಿಡಿ. ತಾಗಿದಲ್ಲಿ ಬೇರೂರಿ ಸುರುಳಿ ಚಿಗುರು ಏಳುತ್ತದೆ. ಮೂರು ನಾಲ್ಕು ಎಲೆ ಬಂದ ಮೇಲೆ ತಾಯಿಗಿಡದ ಕೊಂಡಿಯನ್ನು ಕತ್ತರಿಸಿ. ಮಣ್ಣಿಗೆ ಕೋಕೋಪೀಟ್ ಅಥವಾ ಪುಡಿಮಾಡಿದ ತೆಂಗಿನ ನಾರು ಅರ್ಧದಷ್ಟು, ಉಳಿದದ್ದು ಎಲೆಗೊಬ್ಬರ ಮತ್ತು ಸ್ವಲ್ಪ ಮರಳು ಇರಲಿ. ನರ್ಸರಿಯ ಕೆಂಪು ಮಣ್ಣಿನ ಹೆಂಟೆಯನ್ನು ಮಾತ್ರ ಸಡಿಲಿಸಿ ತೆಗೆದುಬಿಡಿ, ಬೇಸಿಗೆಯಲ್ಲಿ ಅದು ಗಟ್ಟಿಯಾಗಿ ಬೇರನ್ನು ಉಸಿರುಗಟ್ಟಿಸುತ್ತದೆ.

ಪ್ರಶ್ನೆ: ಫೋಂಡಾದಲ್ಲಿ ನಮಗೆ ಒಂದು ಸಣ್ಣ ಅಡಿಕೆ ತೋಟವಿದೆ, ಮುರಕಲ್ಲಿನ ಹಳೆಯ ಬಾವಿಯಿದೆ. ಮನೆಯಲ್ಲಿ ಬೋಸ್ಟನ್ ಫರ್ನ್ ಹತ್ತಾರು ಕುಂಡಗಳಾಗಿ ಹೆಚ್ಚಿದೆ. ಬಾವಿಯ ಕಟ್ಟೆಗೂ ತೋಡಿನ ಬದಿಗೂ ನೆಟ್ಟರೆ ಚೆನ್ನಾಗಿರುತ್ತದೆಯೇ?
— ಕನ್ನಡ ಶಿಕ್ಷಕರು, ಗೋವಾ

ಉತ್ತರ: ಬೆಳೆಯುವುದೇನೋ ಚೆನ್ನಾಗಿಯೇ ಬೆಳೆದೀತು, ಹಾಗೆಂದೇ ನೆಡಬೇಡಿರೆಂದು ಕೇಳಿಕೊಳ್ಳುತ್ತೇನೆ. ಹಂಬುಗಳಿಂದ ಹಬ್ಬುವ ಗಿಡ ನೆಲ ಸಿಕ್ಕಿದ ಕೂಡಲೇ ಒತ್ತಾದ ಪೊದೆಯಾಗಿ ಕೆಳಗಿನ ಸಣ್ಣ ಗಿಡಗಳಿಗೆ ಬೆಳಕು ಸಿಗದಂತೆ ಮಾಡುತ್ತದೆ. ನಮ್ಮ ಕಾರ್ಡಿಫೋಲಿಯಾ ಅಮೆರಿಕದ ಫ್ಲಾರಿಡಾಕ್ಕೆ ತೋಟದ ಗಿಡವಾಗಿ ಹೋಗಿ, ಅಲ್ಲಿನ ಕಾಡುಗಳಿಗೆ ನುಗ್ಗಿ, ಇಂದು ಹಾವಳಿಯ ಸಸ್ಯಗಳ ಪಟ್ಟಿಯಲ್ಲಿದೆ. ಒಂದು ನೆಲದಲ್ಲಿ ಮಿತಿಯಲ್ಲಿರುವ ಗಿಡ ಇನ್ನೊಂದು ನೆಲದಲ್ಲಿ ಹಾಗೆಯೇ ಇರುತ್ತದೆಂಬ ಭರವಸೆ ಇಲ್ಲ. ಪಶ್ಚಿಮ ಘಟ್ಟದ ಬುಡದಲ್ಲಿರುವ ನಿಮ್ಮ ತೋಡಿನ ನೀರು ಮುಂದೆ ಎಲ್ಲೆಲ್ಲಿಗೆ ಹರಿದು ಹೋಗುತ್ತದೆಂಬುದನ್ನು ನೆನೆಯಿರಿ.

ಬಾವಿಯ ಕಟ್ಟೆಯನ್ನು ಹಸಿರಾಗಿಸಲು ನೀವು ನೆಡಬೇಕಾದುದು ಏನೂ ಇಲ್ಲ. ಮಳೆ ಹಿಡಿದ ಮೇಲೆ ಮುರಕಲ್ಲಿನ ತೂತುಗಳಲ್ಲಿ ಕಪ್ಪು ಹೊಳಪಿನ ಕಡ್ಡಿಯ ಅಡಿಯಾಂಟಮ್ ತಾನಾಗಿ ಬರುತ್ತದೆ. ಸುಣ್ಣದ ಗಾರೆ ಇರುವ ಹಳೆಯ ಗೋಡೆಗಳಲ್ಲಿ ಟೆರಿಸ್ ವಿಟ್ಟಾಟಾ ಎಂಬ ಮತ್ತೊಂದು ಉದ್ದೆಲೆಯ ಜರೀಗಿಡ ಬೇರೂರುತ್ತದೆ. ಈ ಟೆರಿಸ್ ಸಾಮಾನ್ಯ ಗಿಡವಲ್ಲ: ಮಣ್ಣಿನಲ್ಲಿರುವ ಆರ್ಸೆನಿಕ್ ಎಂಬ ವಿಷವನ್ನು ಹೀರಿ ಎಲೆಗಳಲ್ಲಿ ಕೂಡಿಟ್ಟುಕೊಂಡೂ ತಾನು ಬದುಕಬಲ್ಲ ಇದರ ಶಕ್ತಿಯನ್ನು ಫ್ಲಾರಿಡಾ ವಿಶ್ವವಿದ್ಯಾಲಯದ ಸಂಶೋಧಕರು 2001ರಲ್ಲಿ ಪ್ರಕಟಿಸಿದರು, ಕಲುಷಿತ ನೆಲವನ್ನು ಶುದ್ಧಗೊಳಿಸಲು ಇದನ್ನು ಬಳಸುವ ಪ್ರಯತ್ನಗಳು ಅಲ್ಲಿಂದ ಮೊದಲಾದವು. ಬಾವಿ ಶುಚಿಮಾಡುವ ನೆಪದಲ್ಲಿ ಇವನ್ನೆಲ್ಲ ಕೆರೆದು ಹಾಕದಿದ್ದರೆ ಅಷ್ಟೇ ಸಾಕು. ಕಲ್ಲಿನ ಸಂದಿನಲ್ಲಿ ಆಲ, ಅರಳಿಯ ಸಸಿ ಹುಟ್ಟಿದ್ದರೆ ಮಾತ್ರ ಬೇರು ಬಲಿಯುವ ಮುನ್ನ ಕಿತ್ತುಹಾಕಿ.

ಹೆಚ್ಚಾದ ಬೋಸ್ಟನ್ ಫರ್ನ್‌ಗಳನ್ನು ಕುಂಡದ ಸಮೇತ ಶಾಲೆಗೆ ಅಥವಾ ಸ್ನೇಹಿತರಿಗೆ ಕೊಡಿ. ಕತ್ತರಿಸಿದ ಎಲೆ, ಹಂಬುಗಳನ್ನು ತೋಡಿಗೆ ಎಸೆಯದೆ ಎರಡು ದಿನ ಬಿಸಿಲಿಗೆ ಹಾಕಿ ಗರಿಗರಿಯಾಗಿ ಒಣಗಿಸಿ, ಆಮೇಲೆ ಗೊಬ್ಬರದ ಗುಂಡಿಗೆ ಹಾಕಿ. ಹಸಿಯಾಗಿಯೇ ಹಾಕಿದರೆ ಹಂಬು ಅಲ್ಲಿಂದಲೇ ಚಿಗುರುತ್ತದೆ.